ಅಪ್‌ಗ್ರೇಡ್ ಮಾಡಿ ಅಂತ ಕೊಟ್ಟೆ, ಫಾರ್ಮ್ಯಾಟ್ ಹೊಡೆದು ಕೊಟ್ಟರು

ಗದಗ, ಹುಬ್ಬಳ್ಳಿ ಕಡೆ ಪ್ರೆಸ್, ಡಿಟಿಪಿ, ಝೆರಾಕ್ಸ್ ಅಂಗಡಿ ಇಟ್ಟುಕೊಂಡವರು ದಯವಿಟ್ಟು ಇದನ್ನು ಓದಿ. 14 ಅಕ್ಟೋಬರ್ 2025ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತು, ಆವತ್ತಿನಿಂದ ಎಲ್ಲರಿಗೂ 11 ಹಾಕಿಸುವ ಅವಸರ. ನಾನೂ ಹುಬ್ಬಳ್ಳಿಯ ಒಂದು ಅಂಗಡಿಗೆ ಕಂಪ್ಯೂಟರ್ ಹೊತ್ತುಕೊಂಡು ಹೋದೆ. ಅಂಗಡಿ ಹೆಸರು ಬೇಡ, ಕೇಳಬೇಡಿ.

ನಮ್ಮದು ಗದಗದಲ್ಲಿ ಸಣ್ಣ ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆ ಪೋಸ್ಟರ್, ಇಂಥವೇ ಕೆಲಸ. ಕಂಪ್ಯೂಟರ್ ಚೆನ್ನಾಗಿಯೇ ಇತ್ತು. ಟಿಪಿಎಂ 2.0 (ಭದ್ರತೆಯ ಚಿಪ್), ಎಂಟನೇ ಜನರೇಷನ್ ಮೇಲಿನ ಪ್ರೊಸೆಸರ್, 11ಕ್ಕೆ ಬೇಕಾದದ್ದೆಲ್ಲ ಇತ್ತು. ಅದಕ್ಕೇ ನಾನು ಸ್ಪಷ್ಟವಾಗಿ ಹೇಳಿದ್ದೆ, "ಇದ್ದದ್ದು ಇದ್ದಂಗ ಇರಲಿ, ಮ್ಯಾಲೆ 11ಕ್ಕ ಅಪ್‌ಗ್ರೇಡ್ ಅಷ್ಟ ಮಾಡ್ರಿ" ಅಂತ. "ಆತ್ರಿ ಸರ, ಸಂಜಿಗೆ ಬರ್ರಿ" ಅಂದರು.

ಸಂಜೆ ಹೋದಾಗ ಡೆಸ್ಕ್‌ಟಾಪ್ ಮೇಲೆ ಕಸದ ಬುಟ್ಟಿ ಬಿಟ್ಟರೆ ಏನೂ ಇಲ್ಲ. ಎದೆ ಧಸಕ್ಕೆಂದಿತು. "ಡಿ ಡ್ರೈವ್ ಮುಟ್ಟಿಲ್ರಿ ಸರ, ಡೇಟಾ ಎಲ್ಲಾ ಸೇಫ್ ಐತಿ" ಅಂತ ನಗುತ್ತಲೇ ಹೇಳಿದರು. ಅಪ್‌ಗ್ರೇಡ್ ಹೇಳಿದ್ದೆನಲ್ರಿ ಅಂದರೆ, "ಅಪ್‌ಗ್ರೇಡ್ ಮಾಡಿದ್ರ ಹಳೀ ಕಸ ಎಲ್ಲಾ ಹಂಗ ಉಳಿತೈತ್ರಿ, ಆಮ್ಯಾಲೆ ಸ್ಲೋ ಆತು ಅಂತ ನೀವ ಬರ್ತೀರಿ" ಅಂದರು. ಮಾತಿನಲ್ಲಿ ಸ್ವಲ್ಪ ನಿಜ ಇದೆ. ಆದರೆ ಕಸ ಯಾವುದು, ಅನ್ನದ ದಾರಿ ಯಾವುದು ಅಂತ ನಿರ್ಧಾರ ಮಾಡೋದು ನಾನಲ್ವಾ?

ಡಿ ಡ್ರೈವ್ ಸೇಫ್ ಅನ್ನೋ ಮಾತನ್ನು ನಂಬಿ ಸುಮ್ಮನಾಗಬೇಡಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರೂ, ನೀವಾಗಿ ಜಾಗ ಬದಲಿಸದೆ ಇದ್ದರೆ, ಸಿ ಡ್ರೈವ್‌ನಲ್ಲೇ ಇರುತ್ತವೆ. ಟ್ಯಾಲಿ ಪ್ರೈಮ್ ತಾನಾಗಿ ಲೆಕ್ಕ ಇಡೋದು ಸಿ ಡ್ರೈವ್‌ನ ಯೂಸರ್ಸ್ ಒಳಗಿನ ಪಬ್ಲಿಕ್ ಫೋಲ್ಡರ್‌ನಲ್ಲಿ. ಬ್ಯಾಕಪ್ ತೆಗೆಯುವವರೂ ಅಲ್ಲಿ ಇಣುಕಿ ನೋಡೋದಿಲ್ಲ. ನಮ್ಮ ಪುಣ್ಯ, ಆಡಿಟರ್ ಹತ್ತಿರ ಮಾರ್ಚ್‌ವರೆಗಿನ ಬ್ಯಾಕಪ್ ಇತ್ತು. ಅಲ್ಲಿಂದ ಮುಂದಿನದನ್ನೆಲ್ಲ ಬಿಲ್ ಬುಕ್ ನೋಡಿ ಮನೆಯವರು ಮತ್ತೆ ಕುಟ್ಟಿದರು.

ನಿಜವಾದ ಹೊಡೆತ ಬಿದ್ದದ್ದು ಫಾಂಟ್‌ಗೆ. ಮಾರನೇ ದಿನ ಡಿ ಡ್ರೈವ್‌ನಿಂದ ಒಂದು ಲಗ್ನಪತ್ರಿಕೆಯ ಕೋರಲ್ (ಡಿಸೈನ್ ಸಾಫ್ಟ್‌ವೇರ್) ಫೈಲ್ ತೆರೆದೆ. ಗಣಪತಿ ಚಿತ್ರ ಇದೆ, ಬಾರ್ಡರ್ ಇದೆ, ಬಂಗಾರದ ಬಣ್ಣದ ಗೆರೆ ಇದೆ. ಮದುಮಗನ ಹೆಸರು ಇರಬೇಕಾದ ಜಾಗದಲ್ಲಿ ತಲೆ ಮೇಲೆ ಗೀಟು ಇರುವ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡ್ ಚಿಹ್ನೆ. ಹಳೆಯ ‘ನುಡಿ’ (ಕನ್ನಡ ಟೈಪಿಂಗ್ ಸಾಫ್ಟ್‌ವೇರ್) ಫಾಂಟ್‌ನಲ್ಲಿ ಟೈಪ್ ಮಾಡಿದ ‘ನ’ ಅಕ್ಷರ ಫಾಂಟ್ ಇಲ್ಲದಿದ್ದರೆ ಹಾಗೇ ಕಾಣೋದು, ಯಾಕಂದ್ರೆ ಅದು ಯೂನಿಕೋಡ್ ಅಲ್ಲ, ಇಂಗ್ಲಿಷ್ ಚಿಹ್ನೆಗಳ ಮೇಲೆ ಕನ್ನಡದ ಆಕಾರ ಕೂರಿಸಿದ ಹಳೇ ಪದ್ಧತಿ. ಫೈಲ್ ಡಿ ಡ್ರೈವ್‌ನಲ್ಲಿದ್ದರೂ ಫಾಂಟ್ ಇದ್ದದ್ದು ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ಒಳಗೆ. ಅದನ್ನು ಅಳಿಸಿಯಾಗಿತ್ತು.

ನುಡಿ ಮತ್ತೆ ಇಳಿಸಿಕೊಂಡೆ, ಅದೇನೋ ಉಚಿತವಾಗಿ ಸಿಗುತ್ತದೆ. ಆದರೆ ಯಾರ್ಯಾರ ಸಿಡಿಯಿಂದಲೋ ವರ್ಷಾನುಗಟ್ಟಲೆ ಕೂಡಿಹಾಕಿದ ಅಲಂಕಾರದ ಫಾಂಟ್‌ಗಳು ಎಲ್ಲಿಂದ ತರೋದು? ಕರ್ವ್‌ಗೆ (ಅಕ್ಷರವನ್ನು ಬರೀ ಗೆರೆಯ ಚಿತ್ರವಾಗಿ) ಬದಲಿಸಿ ಇಟ್ಟಿದ್ದ ಫೈಲ್‌ಗಳು ಮತ್ತು ಪಿಡಿಎಫ್‌ಗಳು ಮಾತ್ರ ಸರಿಯಾಗಿ ತೆರೆದವು. ಕರ್ವ್ ಆದ ಅಕ್ಷರವನ್ನು ತಿದ್ದೋಕೆ ಬರೋದಿಲ್ಲ, ಹೆಸರು ಬದಲಿಸಬೇಕೆಂದರೆ ಹೊಸದಾಗಿಯೇ ಟೈಪ್ ಮಾಡಬೇಕು.

ಅಳಿಸಿದ್ದನ್ನು ವಾಪಸ್ ತೆಗೆಸಬಹುದಲ್ಲ ಅಂತ ಬಹಳ ಜನ ಕೇಳಿದರು. ವಿಂಡೋಸ್ ಒಳಗಿಂದ ಅಪ್‌ಗ್ರೇಡ್ ಮಾಡಿದ್ದರೆ ಹಳೆಯದೆಲ್ಲ ವಿಂಡೋಸ್ ಡಾಟ್ ಓಲ್ಡ್ ಅನ್ನೋ ಫೋಲ್ಡರ್‌ನಲ್ಲಿ ಇರುತ್ತಿತ್ತು, 10 ದಿನದ ಒಳಗೆ ಸೆಟ್ಟಿಂಗ್ಸ್‌ನಿಂದ ಹಿಂದಿನದಕ್ಕೆ ಮರಳಬಹುದಿತ್ತು. ಇವರು ಪಾರ್ಟಿಶನ್ನನ್ನೇ ಅಳಿಸಿದ್ದರು. ನಮ್ಮ ಸಿ ಡ್ರೈವ್ ಎಸ್‌ಎಸ್‌ಡಿ ಬೇರೆ. ಹಳೇ ಹಾರ್ಡ್ ಡಿಸ್ಕ್‌ನಲ್ಲಾದರೆ ಅಳಿಸಿದ ಮೇಲೂ ಡೇಟಾ ಅಷ್ಟೋ ಇಷ್ಟೋ ಸಿಗುವ ಆಸೆ ಇರುತ್ತದೆ. ಎಸ್‌ಎಸ್‌ಡಿಯಲ್ಲಿ ಫಾರ್ಮ್ಯಾಟ್ ಆದ ಕೂಡಲೇ ಟ್ರಿಮ್ ಅನ್ನೋ ಆದೇಶ ಹೋಗಿ, ಡ್ರೈವೇ ಆ ಜಾಗವನ್ನು ಖಾಲಿ ಮಾಡಿಕೊಳ್ಳುತ್ತದೆ. ರಿಕವರಿ ಸಾಫ್ಟ್‌ವೇರ್ ಹಾಕಿ ನೋಡಿದೆವು, ಸೊನ್ನೆ.

ಇನ್ನೊಂದು ವಿಷಯ, ಇದು ನನಗೆ ತಡವಾಗಿ ಕಣ್ಣಿಗೆ ಬಿತ್ತು. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ ನೋಡಿದರೆ ಅಂಗಡಿಯವರದೇ ಮೇಲ್ ಐಡಿ! ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಈಚೆಗೆ, ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದರೆ ಬಹಳ ಕಂಪ್ಯೂಟರ್‌ಗಳಲ್ಲಿ ಡ್ರೈವ್‌ಗೆ ತಾನಾಗಿಯೇ ಬೀಗ (ಎನ್‌ಕ್ರಿಪ್ಷನ್) ಬೀಳುತ್ತದೆ. ಅದರ 48 ಅಂಕಿಯ ರಿಕವರಿ ಕೀ ಆ ಅಕೌಂಟ್‌ಗೇ ಹೋಗುತ್ತದೆ. ನಾಳೆ ಬಯೋಸ್ ಅಪ್‌ಡೇಟ್ (ಕಂಪ್ಯೂಟರ್ ಶುರು ಮಾಡುವ ಮೂಲ ಸಾಫ್ಟ್‌ವೇರ್‌ನದು) ಮಾಡಿದಾಗ ಕಂಪ್ಯೂಟರ್ ಆ ಕೀ ಕೇಳಿದರೆ ನಾವು ಹುಬ್ಬಳ್ಳಿ ಬಸ್ ಹತ್ತಬೇಕು. ನಮ್ಮದರಲ್ಲಿ ಬೀಗ ಬಿದ್ದೇ ಇತ್ತು. ತೆಗೆದು, ನಮ್ಮ ಅಕೌಂಟ್ ಹಾಕಿಕೊಂಡೆ. ಹಾಕಿಕೊಟ್ಟದ್ದು ವಿಂಡೋಸ್‌ನ ಪ್ರೊ ಆವೃತ್ತಿ, ಕಂಪ್ಯೂಟರ್ ಜೊತೆ ಬಂದಿದ್ದ ಲೈಸೆನ್ಸ್ ಹೋಮ್. ಹೋಮ್ ಲೈಸೆನ್ಸ್‌ಗೆ ಪ್ರೊ ಆ್ಯಕ್ಟಿವೇಟ್ ಆಗೋದಿಲ್ಲ, ಹಾಗಾಗಿ ಕ್ರ್ಯಾಕ್ ಹಾಕಿದ್ದರು. ಹೋಮ್ ಹಾಕಿದ್ದರೆ ಇಂಟರ್ನೆಟ್ ಸಿಕ್ಕ ತಕ್ಷಣ ತಾನೇ ಆ್ಯಕ್ಟಿವೇಟ್ ಆಗುತ್ತಿತ್ತು, ಸುಮ್ನೆ ಒಂದು ಕಳ್ಳ ಸಾಫ್ಟ್‌ವೇರ್ ಒಳಗೆ ಬಿಟ್ಟರು.

ಕ್ಲೀನ್ ಇನ್‌ಸ್ಟಾಲ್ (ಎಲ್ಲ ಅಳಿಸಿ ಹೊಸದಾಗಿ ಹಾಕೋದು) ತಪ್ಪು ಅಂತ ನಾನು ಹೇಳುತ್ತಿಲ್ಲ. ವೈರಸ್ ಹೊಕ್ಕಿದ್ದರೆ ಅದೇ ಸರಿ. ಹಾವೇರಿಯಲ್ಲಿ ನಮ್ಮ ಅಳಿಯನ ಅಂಗಡಿಯ ಕಂಪ್ಯೂಟರ್‌ನಲ್ಲಿ 32 ಬಿಟ್ ವಿಂಡೋಸ್ 10 ಇತ್ತು. ವಿಂಡೋಸ್ 11 ಬರೋದು 64 ಬಿಟ್‌ನಲ್ಲಿ ಮಾತ್ರ, ಹಾಗಾಗಿ ಅವನಿಗೆ ಬೇರೆ ದಾರಿಯೇ ಇರಲಿಲ್ಲ. ಅವನು ಹೊಸ ಎಸ್‌ಎಸ್‌ಡಿ ತಂದು ಅದಕ್ಕೆ 11 ಹಾಕಿಸಿದ, ಹಳೇ ಡಿಸ್ಕ್ ಬಿಚ್ಚಿ ಕಪಾಟಿನಲ್ಲಿಟ್ಟ. ಏನೋ ಬೇಕಾದಾಗ ಅದನ್ನೇ ಜೋಡಿಸಿ ಕಾಪಿ ಮಾಡಿಕೊಳ್ಳುತ್ತಾನೆ. ನನ್ನ ಪ್ರಕಾರ ಕ್ಲೀನ್ ಮಾಡಿಸುವುದಾದರೆ ಹೀಗೇ ಮಾಡಿಸಬೇಕು.

ಅಪ್‌ಗ್ರೇಡೇ ಬೇಕು ಅಂದರೆ ಪಕ್ಕದಲ್ಲಿ ಕೂತು ನೋಡಿ. ಸೆಟಪ್ ವಿಂಡೋಸ್ ಒಳಗಿಂದಲೇ ಶುರುವಾಗಬೇಕು, ಫೈಲ್ ಮತ್ತು ಆ್ಯಪ್ ಎರಡನ್ನೂ ಉಳಿಸು ಅನ್ನೋ ಆಯ್ಕೆ ಪರದೆ ಮೇಲೆ ಕಾಣಬೇಕು. ಪೆನ್‌ಡ್ರೈವ್ ಹಾಕಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ಬೂಟ್ ಮೆನು ತೆಗೆದರು ಅಂದ್ರೆ ಅಲ್ಲೇ ಕೈ ಹಿಡಿಯಿರಿ, ಆ ದಾರಿಯಲ್ಲಿ ಏನನ್ನೂ ಉಳಿಸಿಕೊಂಡು ಅಪ್‌ಗ್ರೇಡ್ ಮಾಡೋಕೆ ಆಗೋದಿಲ್ಲ. ಲಗ್ನದ ಸೀಸನ್ ನಡುವೆಯಂತೂ ಕೊಡಲೇಬೇಡಿ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ನೋಂದಾಯಿಸಿಕೊಂಡವರಿಗೆ 13 ಅಕ್ಟೋಬರ್ 2026ರವರೆಗೆ 10ಕ್ಕೇ ಸೆಕ್ಯುರಿಟಿ ಅಪ್‌ಡೇಟ್ ಕೊಡುತ್ತೇವೆ ಅಂತ ಕಂಪನಿಯೇ ಹೇಳಿತ್ತು, ಅಂಗಡಿಯವರು ಅದನ್ನು ಯಾಕೆ ಹೇಳುತ್ತಾರೆ?

ದುಡ್ಡು ವಾಪಸ್ ಕೇಳಿದ್ದಕ್ಕೆ, ಬೇಕಾದ್ರೆ ಇನ್ನೊಂದು ಸಲ ಫ್ರೀಯಾಗಿ ಫಾರ್ಮ್ಯಾಟ್ ಮಾಡಿಕೊಡ್ತೀವಿ ಅಂದರು. ಕೈ ಮುಗಿದು ಬಂದೆ. ಗದಗ-ಬೆಟಗೇರಿ ಪ್ರೆಸ್‌ನವರ ಹತ್ತಿರ ಲಗ್ನಪತ್ರಿಕೆಗೆ ಬಳಸುವ ಹಳೇ ಅಲಂಕಾರದ ಕನ್ನಡ ಫಾಂಟ್‌ಗಳ ಸಿಡಿ ಇದ್ದರೆ ತಿಳಿಸಿ, ನಾನೇ ಬಂದು ಕಾಪಿ ಮಾಡಿಕೊಂಡು ಹೋಗುತ್ತೇನೆ.