ಯಾಶಿಕಾ ಮ್ಯಾಟ್ 124ಜಿ: ಕೊಳ್ಳುವ ಮೊದಲು ಶಟರಿನ ಸದ್ದು ಕೇಳಿ

120 ಎಂಬ ಅಗಲ ರೀಲಿನ ಹಳೆಯ ಕ್ಯಾಮರಾ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಅದರ ಹೊರಮೈಯನ್ನು, ಆಮೇಲೆ ಲೆನ್ಸಿನ ಹೊಳಪನ್ನು, ಕೊನೆಗೆ ಬೆಳಕು ಅಳೆಯುವ ಲೈಟ್ ಮೀಟರಿನ ಮುಳ್ಳು ಅಲುಗಾಡುತ್ತದೆಯೇ ಎಂಬುದನ್ನು ನೋಡುತ್ತಾರೆ. ಯಾಶಿಕಾ ಮ್ಯಾಟ್ 124ಜಿ ಎಂಬ ಎರಡು ಲೆನ್ಸಿನ ಜಪಾನೀ ಕ್ಯಾಮರಾದ ಮಟ್ಟಿಗೆ ಈ ಕ್ರಮ ಸರಿಯಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಬೆಳಕನ್ನು ಕ್ಷಣಕಾಲ ಒಳಬಿಡುವ ಎಲೆಗಳ ಜೋಡಣೆಯಾದ ಶಟರ್ ನೆಟ್ಟಗಿದ್ದು ಕೆಳಗಿನ ಲೆನ್ಸ್ ಶುಭ್ರವಾಗಿದ್ದರೆ ಉಳಿದುದನ್ನು ಕೊಪ್ಪಳದಂಥ ಊರಿನಲ್ಲಿ ಕುಳಿತೇ ಬಹುಮಟ್ಟಿಗೆ ಸರಿಪಡಿಸಿಕೊಳ್ಳಬಹುದು. ಅವೆರಡೂ ಕೆಟ್ಟಿದ್ದರೆ ಎಷ್ಟು ಅಗ್ಗವಾಗಿ ಸಿಕ್ಕರೂ ಅದು ಕಪಾಟಿನ ಅಲಂಕಾರವಾಗಿಯೇ ಉಳಿಯುತ್ತದೆ.

ಈ ಮಾದರಿ 1970ರಿಂದ 1986ರವರೆಗೆ ತಯಾರಾಯಿತು. ಮೇಲಿನ ಲೆನ್ಸ್ ನಾವು ದೃಶ್ಯವನ್ನು ನೋಡುವುದಕ್ಕೆ, ಕೆಳಗಿನದು ಚಿತ್ರ ತೆಗೆಯುವುದಕ್ಕೆ. ಎರಡೂ 80 ಮಿ.ಮೀ., ಮೇಲಿನದು ಎಫ್ 2.8, ಕೆಳಗಿನದು ಎಫ್ 3.5 (ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಅಗಲವಾಗಿ ತೆರೆದು ಹೆಚ್ಚು ಬೆಳಕು ಬಿಡುತ್ತದೆ). ನಾಲ್ಕು ಗಾಜುಗಳ ಈ ಯಾಶಿನಾನ್ ಲೆನ್ಸ್ ಎಫ್ 8 ಅಥವಾ ಎಫ್ 11ಕ್ಕೆ ಇಟ್ಟಾಗ ಅಂಚಿನಿಂದ ಅಂಚಿಗೆ ಕೊಡುವ ಸ್ಪಷ್ಟತೆಯನ್ನು ನೋಡಿದವರು ಅದರ ಬೆಲೆಯ ಮಾತೆತ್ತಲಾರರು. ಒಂದು ರೀಲಿಗೆ 12 ಚಿತ್ರಗಳು ಸಿಗುತ್ತವೆ. ಚೌಕಾಕಾರದ ನೆಗೆಟಿವ್ ಸುಮಾರು 56 ಮಿ.ಮೀ. ಅಗಲವಿದ್ದು, ಮಾಮೂಲಿ 35 ಮಿ.ಮೀ. ರೀಲಿನ ನೆಗೆಟಿವ್‌ಗಿಂತ ಮೂರೂವರೆ ಪಟ್ಟಿಗೂ ಹೆಚ್ಚು ವಿಸ್ತಾರವುಳ್ಳದ್ದಾಗಿರುವುದರಿಂದ, ದೊಡ್ಡ ಪ್ರಿಂಟ್ ಹಾಕಿದಾಗ ಕಲ್ಲಿನ ಕಣ, ಚರ್ಮದ ಸುಕ್ಕು, ಸೀರೆಯ ನೂಲು ಒಂದೂ ಕಲಸಿಹೋಗುವುದಿಲ್ಲ.

ನಾನು ಇದನ್ನು ಕೊಂಡದ್ದು ಬಳ್ಳಾರಿಯ ಒಬ್ಬ ಹಿರಿಯ ಸ್ಟುಡಿಯೋ ಮಾಲೀಕರಿಂದ, ಹದಿನಾರು ಸಾವಿರ ರೂಪಾಯಿಗೆ. ಮದುವೆ ಮನೆಗಳಲ್ಲಿ ದುಡಿದು ಮೂಲೆಗಳಲ್ಲಿ ಕಪ್ಪು ಬಣ್ಣ ಸವೆದಿದ್ದ, ಚರ್ಮದ ಹೊದಿಕೆ ಅಲ್ಲಲ್ಲಿ ಎದ್ದಿದ್ದ ಕ್ಯಾಮರಾ ಅದು. "ಮೀಟರ್ ಬಿಡ್ರಿ ಸರ, ಒಂದು ಸೆಕೆಂಡಿಗೆ ಇಟ್ಟು ಶಟರ್ ಕೇಳ್ರಿ" ಎಂದು ಅವರೇ ಹೇಳಿದರು. ಮಾರುವವರೇ ಇಂಥ ಮಾತು ಹೇಳುವುದು ಅಪರೂಪ, ಮತ್ತು ಅವರ ಮಾತು ಅಕ್ಷರಶಃ ಸರಿಯಾಗಿತ್ತು. ಇದರಲ್ಲಿರುವ, ಕೋಪಾಲ್ ಕಂಪನಿಯ ಶಟರ್ ಒಂದು ಸೆಕೆಂಡಿನಿಂದ 1/500 ಸೆಕೆಂಡಿನವರೆಗೆ ಕೆಲಸ ಮಾಡುತ್ತದೆ. ನಿಧಾನದ ವೇಗಗಳನ್ನು ನಿಯಂತ್ರಿಸುವುದು ಗಡಿಯಾರದಂಥ ಸಣ್ಣ ಹಲ್ಲುಚಕ್ರಗಳ ಸಾಲು; ದಶಕಗಳ ಹಿಂದಿನ ಎಣ್ಣೆ ಒಣಗಿ ಅಂಟಾದಾಗ ಮೊದಲು ತಡವರಿಸುವುದು ಇದೇ. ಒಂದು ಸೆಕೆಂಡ್, ಅರ್ಧ, ಕಾಲು ಸೆಕೆಂಡಿಗೆ ಇಟ್ಟು ಒತ್ತಿದಾಗ ಒಂದೇ ಲಯದ ಝರ್ರೆನ್ನುವ ಸದ್ದು ಕೇಳಬೇಕು. ನಡುವೆ ನಿಂತು ಮತ್ತೆ ಹೊರಟರೆ, ಅಥವಾ ಎಲೆಗಳು ಅರ್ಧ ತೆರೆದು ಹಾಗೆಯೇ ಉಳಿದರೆ, ಸರ್ವಿಸ್ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತನಾಡಬೇಕು. ನನ್ನ ಕ್ಯಾಮರಾದಲ್ಲಿ ಒಂದು ಸೆಕೆಂಡ್ ಎರಡರ ಹತ್ತಿರ ಎಳೆಯುತ್ತಿತ್ತು, ಮೇಲಿನ ವೇಗಗಳು ಚುರುಕಾಗಿದ್ದವು. ಹಾಗಾಗಿ ಬೆಲೆ ಸ್ವಲ್ಪ ಇಳಿಸಿಕೊಂಡು ತೆಗೆದುಕೊಂಡೆ. ಹಳೆಯ ಕ್ಯಾಮರಾದ ಸೆಲ್ಫ್ ಟೈಮರ್ ಕಡ್ಡಿಯನ್ನು ಮಾತ್ರ ಪರೀಕ್ಷೆಗೆಂದೂ ಎಳೆಯಬಾರದು. ಅದು ನಡುವೆ ಸಿಕ್ಕಿಕೊಂಡರೆ ಇಡೀ ಶಟರ್ ಸ್ತಬ್ಧವಾಗುತ್ತದೆ.

ಅಂದಾಜಿಗಿಂತ ಅಳತೆ ಮೇಲು. ಹಿಂಬದಿಯ ಬಾಗಿಲು ತೆರೆದು, ಲೆನ್ಸನ್ನು ಬೆಳಕಿನ ಕಡೆ ಹಿಡಿದು, ಸೆಕೆಂಡಿಗೆ 240 ಫ್ರೇಮ್ ತೆಗೆಯುವ ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಶಟರನ್ನು ಚಿತ್ರೀಕರಿಸಿದರೆ, 1/30 ಸೆಕೆಂಡಿಗೆ ಎಂಟು ಫ್ರೇಮ್, 1/60 ಸೆಕೆಂಡಿಗೆ ನಾಲ್ಕು ಫ್ರೇಮ್ ಬೆಳಕು ಕಾಣಬೇಕು. 1/250 ಮತ್ತು ಅದರ ಮೇಲಿನ ವೇಗಗಳನ್ನು ಈ ವಿಧಾನ ಅಳೆಯಲಾರದು.

ಲೆನ್ಸಿನ ಪರೀಕ್ಷೆಗೆ ಒಂದು ಸಣ್ಣ ಟಾರ್ಚ್ ಸಾಕು. ಒತ್ತಿ ಹಿಡಿದಷ್ಟು ಹೊತ್ತೂ ತೆರೆದಿರುವ ಬಿ ಗುರುತಿಗೆ ಶಟರನ್ನು ಇಟ್ಟು ತೆರೆದು ಹಿಡಿದು, ಒಂದು ಕಡೆಯಿಂದ ಓರೆಯಾಗಿ ಬೆಳಕು ಬಿಟ್ಟು ಮತ್ತೊಂದು ಕಡೆಯಿಂದ ನೋಡಿದರೆ, ಜೇಡರ ಬಲೆಯಂತೆ ಕವಲೊಡೆದ ಬೂಷ್ಟೂ ಮಂಜಿನಂಥ ಪೊರೆಯೂ ಬೇರೆ ಬೇರೆಯಾಗಿ ಕಾಣುತ್ತವೆ. ನಾಲ್ಕಾರು ಧೂಳಿನ ಕಣಗಳಿಂದ ಚಿತ್ರಕ್ಕೆ ಏನೂ ಆಗುವುದಿಲ್ಲ. ಪೊರೆಯಿಂದ ಮಾತ್ರ ಚಿತ್ರದ ಕಪ್ಪೆಲ್ಲ ಬೂದಿಯಾಗುತ್ತದೆ. ಈ ವಿಷಯದಲ್ಲಿ ಬಳ್ಳಾರಿ, ಕೊಪ್ಪಳ, ರಾಯಚೂರಿನಲ್ಲಿ ಬಾಳಿದ ಕ್ಯಾಮರಾಗಳಿಗೆ ಒಂದು ಅನುಕೂಲವಿದೆ: ನಮ್ಮ ಒಣ ಹವೆಯಲ್ಲಿ ಕರಾವಳಿಯಲ್ಲಿ ಹಿಡಿಯುವಷ್ಟು ಬೂಷ್ಟು ಹಿಡಿಯುವುದಿಲ್ಲ. ಅದರ ಬದಲು ಧೂಳು ಹೆಚ್ಚು. ಫೋಕಸ್ ಗುಂಡಿಯನ್ನು ಎರಡೂ ತುದಿಯವರೆಗೆ ತಿರುಗಿಸಿ, ಮರಳು ತಿಕ್ಕಿದಂಥ ಸ್ಪರ್ಶವಿದೆಯೇ ಎಂದು ಗಮನಿಸಬೇಕು.

ಶಟರ್ ಬಿಚ್ಚುವುದು ಮನೆಯ ಕೆಲಸವಲ್ಲ. ಅದನ್ನು ಬೆಂಗಳೂರಿನ ಒಬ್ಬ ಮೆಕ್ಯಾನಿಕ್‌ಗೆ ಒಪ್ಪಿಸಿದೆ. ಅವರು ಶಟರ್ ತೊಳೆದು, ಫೋಕಸ್ ಭಾಗಕ್ಕೆ ಹೊಸ ಗ್ರೀಸ್ ಹಾಕಿ, ಮೂರೂವರೆ ಸಾವಿರ ತೆಗೆದುಕೊಂಡರು. ಕೆಲಸ ಅಚ್ಚುಕಟ್ಟಾಗಿತ್ತು, ಒಂದು ಸೆಕೆಂಡ್ ಈಗ ಒಂದೇ ಸೆಕೆಂಡ್. ಮರಳಿ ಬಂದ ಮೇಲೆ ಮನೆಯಲ್ಲಿ ಮಾಡಲೇಬೇಕಾದ ಮುಖ್ಯ ಕೆಲಸವೆಂದರೆ ಎರಡು ಲೆನ್ಸುಗಳ ಫೋಕಸ್ ಒಂದಕ್ಕೊಂದು ಹೊಂದುತ್ತಿದೆಯೇ ಎಂದು ನೋಡುವುದು. ರೀಲು ಹಾಯುವ ಜಾಗದ ಹಳಿಗಳ ಮೇಲೆ ಟ್ರೇಸಿಂಗ್ ಹಾಳೆಯನ್ನು ಬಿಗಿಯಾಗಿ ಅಂಟಿಸಿ, ಎಫ್ 3.5ಕ್ಕೆ ತೆರೆದು, ಶಟರನ್ನು ಗುಂಡಿ ಒತ್ತಿ ಹಿಡಿಯುವ ಕೇಬಲ್ಲಿನಿಂದ ತೆರೆದಿಟ್ಟು, ತಾರಸಿಯಿಂದ ಕೊಪ್ಪಳದ ಕೋಟೆ ಬೆಟ್ಟದ ಕಡೆ ಹಿಡಿದೆ. ಮೇಲಿನ ಗಾಜಿನಲ್ಲಿ ಬೆಟ್ಟದ ನೆತ್ತಿಯ ಗೋಡೆ ಸ್ಪಷ್ಟವಾದ ಕ್ಷಣದಲ್ಲಿಯೇ ಹಿಂದಿನ ಹಾಳೆಯಲ್ಲಿಯೂ ಅದು ಸ್ಪಷ್ಟವಾಗಬೇಕು. ಹಾಗಾಗದಿದ್ದರೆ, ಕಣ್ಣಿಗೆ ಚೆನ್ನಾಗಿ ಕಂಡ ಚಿತ್ರಗಳೆಲ್ಲ ನೆಗೆಟಿವ್‌ನಲ್ಲಿ ಮಸುಕಾಗಿ ಬರುತ್ತವೆ, ಮತ್ತು ಕಾರಣ ತಿಳಿಯದೆ ಜನ ಲೆನ್ಸನ್ನು ದೂರುತ್ತಾರೆ. ಇದೇ ಪರೀಕ್ಷೆಯನ್ನು ಎರಡು ಮೀಟರ್ ದೂರದ ಅಚ್ಚಿನ ಅಕ್ಷರಗಳ ಮೇಲೆ ಮತ್ತೊಮ್ಮೆ ಮಾಡಬೇಕು.

ಹಿಂಬದಿಯ ಬಾಗಿಲಿನ ಸ್ಪಂಜು ಪಟ್ಟಿಗಳು ಇಷ್ಟು ವರ್ಷಕ್ಕೆ ಕರಗಿ ಡಾಂಬರಿನಂತಾಗಿರುತ್ತವೆ. ಸ್ಪಿರಿಟ್ಟಿನಲ್ಲಿ ಅದ್ದಿದ ಕಡ್ಡಿಯಿಂದ ಅದನ್ನು ಕೆರೆದು ತೆಗೆದು ಹೊಸ ಕಪ್ಪು ಫೋಮ್ ಅಂಟಿಸಿದರೆ ಬೆಳಕು ಸೋರುವುದು ನಿಲ್ಲುತ್ತದೆ. ಒಳಗಿನ ಕನ್ನಡಿಯನ್ನು ಬಟ್ಟೆಯಿಂದ ಒರೆಸಬಾರದು. ಅದರ ಬೆಳ್ಳಿ ಲೇಪ ಗಾಜಿನ ಮುಂಭಾಗದಲ್ಲಿರುವುದರಿಂದ ಒಂದೇ ಒರಸಿಗೆ ಗೀರು ಬೀಳುತ್ತದೆ. ಗಾಳಿ ಊದಿದರೆ ಸಾಕು.

ಮೀಟರಿನ ವಿಚಾರ ಚಿಕ್ಕದು. ಅದು 1.35 ವೋಲ್ಟಿನ ಪಾದರಸದ ಸೆಲ್ಲಿಗಾಗಿ ರೂಪಿಸಿದ್ದು, ಆ ಸೆಲ್ಲುಗಳ ತಯಾರಿಕೆ ನಿಂತಿದೆ, 1.5 ವೋಲ್ಟಿನ ಸೆಲ್ ಹಾಕಿದರೆ ಮುಳ್ಳು ತಪ್ಪು ಹೇಳುತ್ತದೆ. ಕಿವಿಯ ಯಂತ್ರಕ್ಕೆ ಬಳಸುವ 675 ಅಳತೆಯ ಸೆಲ್ಲನ್ನು ಒಂದು ಬಳೆ ಹಾಕಿ ಕೂರಿಸಿದರೆ ವೋಲ್ಟೇಜ್ ಹತ್ತಿರಕ್ಕೆ ಬರುತ್ತದೆ. ನಾನು ಮೊಬೈಲಿನ ಮೀಟರನ್ನೇ ನಂಬುತ್ತೇನೆ.

ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ರೀಲುಗಳ ಕಾಲ ಮುಗಿದಿದೆ. ಈಗ ರೀಲನ್ನು ಅಂಚೆಯಲ್ಲಿ ತರಿಸಿಕೊಳ್ಳಬೇಕು, ಬೇಸಿಗೆಯಲ್ಲಿ ಬಂದ ಕೂಡಲೇ ಫ್ರಿಜ್ಜಿನಲ್ಲಿಡಬೇಕು. ನಮ್ಮ ಬಿಸಿಲಿಗೆ 400 ವೇಗದ (ಅಂದರೆ ಬೆಳಕಿಗೆ ಬೇಗ ಸ್ಪಂದಿಸುವ) ರೀಲು ಹಾಕಿದರೆ ಎಫ್ 16, 1/500 ಸೆಕೆಂಡ್ ಬೇಕಾಗುತ್ತದೆ, ಮತ್ತು ಹಳೆಯ ಶಟರಿನ ಆ ತುದಿಯ ವೇಗ ಅಷ್ಟು ನೆಚ್ಚಿಕೆಯದಲ್ಲ. ಹೊರಗಿನ ಕೆಲಸಕ್ಕೆ 125 ವೇಗದ ಇಲ್ಫೋರ್ಡ್ ಎಫ್‌ಪಿ4 ಪ್ಲಸ್ ಹಾಕಿ ಎಫ್ 16, 1/125ಕ್ಕೆ ಇಡುವುದು ಎಷ್ಟೋ ಕ್ಷೇಮ.

ಮೊದಲ ನಿಜವಾದ ಪರೀಕ್ಷೆಗೆ ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯಕ್ಕೆ ಹೋದೆ. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ, ಶಾಸನವೇ 'ದೇವಾಲಯ ಚಕ್ರವರ್ತಿ' ಎಂದು ಕರೆದ ಗುಡಿ ಅದು. ಅಲ್ಲಿನ ಕಂಬಗಳ ನುಣುಪು ಮತ್ತು ಉಳಿಯ ಸೂಕ್ಷ್ಮ ಗೆರೆಗಳು ಯಾವ ಲೆನ್ಸಿಗೂ ಕಠಿಣ ಪರೀಕ್ಷೆ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಅನುಮತಿ ಬೇಕಾಗುವುದರಿಂದ ಕ್ಯಾಮರಾವನ್ನು ಕಲ್ಲಿನ ಕಟ್ಟೆಯ ಮೇಲೆ ನೇರವಾಗಿ ಇಟ್ಟೆ. ಮೇಲಿನಿಂದ ಬಗ್ಗಿ ನೋಡುವ ಈ ಕ್ಯಾಮರಾಕ್ಕೆ ಸಮತಟ್ಟಾದ ಅಡಿ ಇರುವುದು, ಕ್ಲಿಕ್ಕಿಸುವಾಗ ಕನ್ನಡಿ ಎದ್ದು ಕುಲುಕದಿರುವುದು ಒಳಗತ್ತಲಲ್ಲಿ ದೊಡ್ಡ ವರವಾಯಿತು. ಎಡಬಲ ಅದಲುಬದಲಾಗಿ ಕಾಣುವುದಕ್ಕೆ ಕೈ ಬೇಗ ಹೊಂದಿಕೊಳ್ಳುತ್ತದೆ. ಇಲ್ಫೋರ್ಡಿನದೇ 400 ವೇಗದ ಎಚ್‌ಪಿ5 ಪ್ಲಸ್ ರೀಲಿಗೆ ಮೀಟರ್ ಹತ್ತು ಸೆಕೆಂಡ್ ಎಂದರೆ ಇಪ್ಪತ್ತು ಕೊಡಬೇಕು, ಏಕೆಂದರೆ ದೀರ್ಘ ಅವಧಿಯಲ್ಲಿ ರೀಲಿನ ಗ್ರಹಣಶಕ್ತಿ ಕುಗ್ಗುತ್ತದೆ. ಹಾಗೆ ತೆಗೆದ ನೆಗೆಟಿವ್‌ನಲ್ಲಿ ಕಂಬದ ಉಂಗುರಗಳ ನಡುವಿನ ನೆರಳೂ ತುಂಬಿಕೊಂಡು ಬಂದಿದೆ, ಕಂಬದ ಮೈಯ ಹೊಳಪೂ ಉಳಿದಿದೆ. ನನಗೆ ಇದಕ್ಕಿಂತ ಹೆಚ್ಚಿನದು ಬೇಕಾಗಿರಲಿಲ್ಲ.

ರೀಲು ತೊಳೆಯುವಾಗ ನಮ್ಮ ಕಡೆಯವರು ಎಚ್ಚರ ವಹಿಸಬೇಕಾದದ್ದು ನೀರಿನ ಶಾಖದ ಬಗ್ಗೆ. ರೀಲಿನಲ್ಲಿ ಚಿತ್ರ ಮೂಡಿಸುವ ಡಿ-76 ಡೆವಲಪರಿಗೆ ಹೇಳಿದ ಅವಧಿಗಳು 20 ಡಿಗ್ರಿಗೆ. ಏಪ್ರಿಲ್ಲಿನಲ್ಲಿ ತಾರಸಿಯ ಟ್ಯಾಂಕಿನ ನೀರು ಅದರ ಹತ್ತಿರಕ್ಕೂ ಬರುವುದಿಲ್ಲ. ಮಣ್ಣಿನ ಹರವಿಯ ನೀರಿಗೆ ಸ್ವಲ್ಪ ಮಂಜುಗಡ್ಡೆ ಸೇರಿಸಿ 24 ಡಿಗ್ರಿಗೆ ತಂದು, ಡೆವಲಪರಿಗೆ ಸಮಪಾಲು ನೀರು ಬೆರೆಸಿ, ಎಚ್‌ಪಿ5 ಪ್ಲಸ್ ರೀಲಿಗೆ ಹೇಳಿದ ಅವಧಿಗಿಂತ ಸುಮಾರು ಶೇಕಡ 30ರಷ್ಟು ಕಡಿಮೆ ಹೊತ್ತು ಕೊಟ್ಟರೆ ಫಲಿತಾಂಶ ಸಮವಾಗಿ ಬರುತ್ತದೆ. ಮೂಡಿದ ಚಿತ್ರವನ್ನು ಸ್ಥಿರಗೊಳಿಸುವ ಫಿಕ್ಸರ್ ಮತ್ತು ಕೊನೆಯ ತೊಳೆಯುವ ನೀರು ಕೂಡ ಅದೇ ಶಾಖದಲ್ಲಿರಬೇಕು.

ಈ ಕ್ಯಾಮರಾದ ನಿಜವಾದ ಕೊರತೆಗಳು ಎರಡೇ. ಲೆನ್ಸ್ ಬದಲಿಸುವಂತಿಲ್ಲ, ಮತ್ತು ಒಂದು ಮೀಟರಿಗಿಂತ ಹತ್ತಿರಕ್ಕೆ ಫೋಕಸ್ ಆಗುವುದಿಲ್ಲ. ಇಟಗಿಯ ಬಾಗಿಲುವಾಡದ ಅಂಗೈಯಗಲದ ಬಳ್ಳಿಯ ಕೆತ್ತನೆಯೊಂದನ್ನೇ ತುಂಬು ಚೌಕದಲ್ಲಿ ಹಿಡಿಯಬೇಕೆನ್ನುವವರು ಎರಡೂ ಲೆನ್ಸುಗಳಿಗೆ ಹಾಕುವ ಕ್ಲೋಸಪ್ ಗಾಜಿನ ಜೋಡಿಯನ್ನು ಬೇರೆಯಾಗಿ ಕೊಳ್ಳಬೇಕು. ನೋಡುವ ಲೆನ್ಸ್ ತೆಗೆಯುವ ಲೆನ್ಸಿಗಿಂತ ಮೇಲಿರುವುದರಿಂದ, ಅಷ್ಟು ಹತ್ತಿರದಲ್ಲಿ ಚೌಕಟ್ಟು ಕೂರಿಸಿದ ಮೇಲೆ ಕ್ಲಿಕ್ಕಿಸುವ ಮುನ್ನ ಕ್ಯಾಮರಾವನ್ನು ಆ ಅಂತರದಷ್ಟು ಮೇಲಕ್ಕೆತ್ತಬೇಕು.