ಮಡಚುವ ಸೈಕಲ್ಲು: ಸೀಟಿಗೆ ಸ್ಪ್ರಿಂಗೋ, ಗಾಲಿಗೆ ದಪ್ಪ ಟೈರೋ?

ಹುಬ್ಬಳ್ಳಿಯ ನವನಗರದ ಮನೆಯಿಂದ ವಿದ್ಯಾನಗರದ ಆಫೀಸಿಗೆ ಮಡಚುವ ಸೈಕಲ್ಲಿನಲ್ಲಿ ಓಡಾಡಲು ಶುರು ಮಾಡಿ ಎರಡು ವರ್ಷ ಆಯ್ತು. ಮನೆಯಲ್ಲಿ ಬಾಗಿಲ ಹಿಂದೆ, ಆಫೀಸಿನಲ್ಲಿ ಮೇಜಿನ ಕೆಳಗೆ ಇಟ್ಟರೆ ಮುಗೀತು. ಆದರೆ 20 ಇಂಚಿನ ಗಾಲಿ ಅಲ್ವಾ, ದೊಡ್ಡ ಸೈಕಲ್ಲು ಹಗುರಾಗಿ ದಾಟುವ ತಗ್ಗಿಗೆ ಇದು ಪೂರ್ತಿ ಇಳಿದು ಏಳುತ್ತದೆ. ರಸ್ತೆ ನಡುವೆ ಹುಬ್ಬಳ್ಳಿ-ಧಾರವಾಡ ಓಡಾಡುವ ಚಿಗರಿ ಬಸ್ಸಿಗೆಂದೇ ಇರುವ ದಾರಿ ನುಣ್ಣಗಿದೆ, ಅದು ನಮಗಲ್ಲ. ನಮ್ಮದೇನಿದ್ದರೂ ಪಕ್ಕದ ರಸ್ತೆ. ಉಣಕಲ್ ಕೆರೆ ಬರುವಷ್ಟರಲ್ಲಿ ಸೊಂಟ ಹಿಡಿದಿರುತ್ತಿತ್ತು.

ಮೊದಲು ಸೀಟಿಗೇ ಕೈ ಹಾಕಿದೆ. ಜೆಲ್ ಕವರ್ ಬಾಳಿದ್ದು ಮೂರು ದಿನ. ತುಳಿದಂತೆಲ್ಲ ಆಚೀಚೆ ಜಾರುತ್ತಿತ್ತು. ಜಿಟಿಜಿಟಿ ಮಳೆಗೆ ನೆನೆದರೆ ಪ್ಯಾಂಟಿನ ಗತಿ ಕೇಳಬೇಡಿ.

ಆಮೇಲೆ ಸ್ಪ್ರಿಂಗ್ ಇರುವ ಸೀಟ್ ಪೋಸ್ಟ್, ಅಂದರೆ ಸೀಟನ್ನು ಹೊತ್ತಿರುವ ಕೊಳವೆ. ನನ್ನ ಸೈಕಲ್ಲಿನ ಪೋಸ್ಟ್ 33.9 ಮಿ.ಮೀ. ದಪ್ಪ, ಸಿಕ್ಕಿದ್ದು 27.2. ಸಂದಿಗೆ ಶಿಮ್ ಅನ್ನುವ ಅಲ್ಯುಮಿನಿಯಂ ಕೊಳವೆ ಹಾಕಿಸಿದೆ. ಅದಾದರೂ ಸರಿ, ಉದ್ದದ್ದೇ ಪೇಚಾಟ. ಮಡಚುವ ಸೈಕಲ್ಲಿನ ಫ್ರೇಮ್ ತಗ್ಗು, ಪೋಸ್ಟ್ ಉದ್ದ ಬೇಕು. ಇದು ಬರೀ 35 ಸೆಂ.ಮೀ. 'ಇದಕ್ಕಿಂತ ಮೇಲೆ ಎಳೆಯಬೇಡಿ' ಅನ್ನುವ ಗೆರೆಯವರೆಗೆ ಏರಿಸಿದರೂ ಮಕ್ಕಳ ಸೈಕಲ್ಲಿನ ಮೇಲೆ ಕೂತಂತೆ ಆಗುತ್ತಿತ್ತು. ಕೆಲವರು ಆ ಗೆರೆಯನ್ನೂ ದಾಟಿಸುತ್ತಾರೆ. ದಯವಿಟ್ಟು ಬೇಡ, ಪೋಸ್ಟು ಮುರಿಯುವುದು ಅಲ್ಲೇ. ಕುಂಡೆಗೆ ಆರಾಮ ಸಿಕ್ಕಿದ್ದು ನಿಜ. ಆದರೆ ಮುಂದಿನ ಗಾಲಿಯ ಪೆಟ್ಟು ಹಾಗೇ ಮಣಿಕಟ್ಟಿಗೆ ಬರುತ್ತಿತ್ತು.

ಟೈರಿನ ಕಡೆ ನೋಡಿದ್ದು ಕೊನೆಗೆ. ಮೊದಲೇ ನೋಡಬೇಕಿತ್ತು.

ಒಂದು ಅಂಗಡಿಯಲ್ಲಿ ಕೊಟ್ಟ ಟೈರು ಗಾಲಿಗೆ ಕೂರಲೇ ಇಲ್ಲ. "ಇಪ್ಪತ್ತ ಇಂಚು ಅಂದ್ರ ಇಪ್ಪತ್ತ ಇಂಚರೀ, ಅದರಾಗೇನ್ ಫರಕ್?" ಅಂದರು. ಫರಕ್ ಇದೆ. 20 ಇಂಚಿನಲ್ಲೇ 406 ಅಂತ ಒಂದು, 451 ಅಂತ ಇನ್ನೊಂದು. ಎರಡರ ರಿಮ್ಮಿಗೂ 45 ಮಿ.ಮೀ. ವ್ಯತ್ಯಾಸ. ಹಳೇ ಟೈರಿನ ಪಕ್ಕದಲ್ಲಿ '40-406' ಎಂಬಂಥ ಸಂಖ್ಯೆ ಇರುತ್ತದೆ. ಮೊದಲಿನದು ಟೈರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ, ಎರಡೂ ಮಿ.ಮೀ. ಲೆಕ್ಕ. ಫೋಟೋ ತೆಗೆದುಕೊಂಡು ಹೋಗಿ.

ನನ್ನದು 1.5 ಇಂಚು ಅಗಲದ ಟೈರು, 65 ಪಿಎಸ್‌ಐ ಹವಾ. ಪಿಎಸ್‌ಐ ಅಂದರೆ ಹವಾದ ಒತ್ತಡದ ಅಳತೆ. ಟೈರು ಕಲ್ಲಿನ ಹಾಗೆ ಗಟ್ಟಿ. 2 ಇಂಚಿನದು ಹಾಕಿ ಹವಾ 35ಕ್ಕೆ ಇಳಿಸಿದೆ. ಏನು ಸುಖ ಅಂತೀರಿ! ಸೊಂಟ, ಮಣಿಕಟ್ಟು ಎರಡೂ ಸುಮ್ಮನಾದವು. ಉದುರು ಜಲ್ಲಿಯ ಮೇಲೆ ಜಾರುವ ಭಯವೂ ಕಡಿಮೆಯಾಯಿತು. ಬೇಸಿಗೆ ಪೂರ್ತಿ ಇದೇ ಗೆದ್ದಿತು ಅಂದುಕೊಂಡಿದ್ದೆ.

ಜೂನ್ ಬಂತು. ಅಮರಗೋಳದ ಕಡೆ ಒಳದಾರಿ ಹಿಡಿದ ಒಂದು ಸಂಜೆ ನಮ್ಮ ಎರೆ ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಸೇರಿ ಗಾಲಿಯೇ ನಿಂತಿತು. ಮೊದಲೇ ಬೆರಳು ತೂರದಷ್ಟು ಜಾಗ, ಅದರಲ್ಲಿ ಎರೆ ಮಣ್ಣು! ಕಡ್ಡಿ ಹಾಕಿ ಕೆರೆದು, ಸೈಕಲ್ಲು ಹೊತ್ತುಕೊಂಡು ಡಾಂಬರ್ ರಸ್ತೆಗೆ ಬಂದೆ. ಈಗ 1.75 ಇಂಚು, 45 ಪಿಎಸ್‌ಐ. ಮೆತ್ತಗೆ ಸ್ವಲ್ಪ ಕಡಿಮೆ, ಆದರೆ ಹನ್ನೆರಡು ತಿಂಗಳೂ ಓಡುತ್ತದೆ. ನನ್ನ 70 ಕಿಲೋಗೆ ಈ ಹವಾ ಸರಿ. ನೀವು ಟೈರಿನ ಮೇಲೆ ಬರೆದ ಮಿತಿಯೊಳಗೆ ಹೊಂದಿಸಿಕೊಳ್ಳಿ.

ಬ್ರೇಕಿನಲ್ಲಿ ಜಾಸ್ತಿ ಯೋಚಿಸಲಿಲ್ಲ. ಡಿಸ್ಕ್ ಬ್ರೇಕ್ ಕೂರಿಸಲು ನನ್ನ ಫ್ರೇಮಿನಲ್ಲಿ ಜಾಗವೇ ಇಲ್ಲ. ಗಟ್ಟಿಯಾಗಿದ್ದ ಹಳೇ ರಬ್ಬರ್ ತೆಗೆದು ಮೆತ್ತನೆಯ ಹೊಸದು ಹಾಕಿಸಿದ್ದೇ ಸಾಕಾಯಿತು. ಸಣ್ಣ ಗಾಲಿ ಹೆಚ್ಚು ಸುತ್ತುತ್ತದೆ, ಮಳೆಗಾಲದಲ್ಲಿ ಕೆಸರು ರಬ್ಬರನ್ನು ತೇಯುತ್ತದೆ. ತಿಂಗಳಿಗೊಮ್ಮೆ ನೋಡಿ.

ದೀಪಕ್ಕೆ ಹಳೇ ಕಾಲದ ಡೈನಮೋ ಹಾಕಿ ನೋಡಿದೆ, ಸುಮ್ನೆ ಆಸೆಗೆ. ಸಿಗ್ನಲ್ಲಿನಲ್ಲಿ ನಿಂತರೆ ಆರುತ್ತದೆ, ಟೈರು ಒದ್ದೆಯಾದರೆ ಜಾರುತ್ತದೆ. ಚಾರ್ಜ್ ಮಾಡುವ ದೀಪವೇ ಉಳಿಯಿತು. ಹಿಂದಿನ ಕೆಂಪು ದೀಪ ಸೀಟಿನ ಕೆಳಗಿದ್ದರೆ ಬ್ಯಾಗು ಮುಚ್ಚಿಬಿಡುತ್ತದೆ, ಅದಕ್ಕೇ ಕ್ಯಾರಿಯರಿನ ತುದಿಗೆ ಕಟ್ಟಿದ್ದೇನೆ.

ಸ್ಪ್ರಿಂಗ್ ಪೋಸ್ಟ್ ಈಗ ತಮ್ಮನ ದೊಡ್ಡ ಸೈಕಲ್ಲಿನಲ್ಲಿದೆ. ಅವನದು 27.2ರದೇ ಫ್ರೇಮು, ಶಿಮ್ ಕೂಡ ಬೇಕಾಗಲಿಲ್ಲ. ದುಡ್ಡು ಮಾತ್ರ ಇನ್ನೂ ಕೊಟ್ಟಿಲ್ಲ.