ಅಮೆರಿಕಕ್ಕೆ ಮೂರು ತಿಂಗಳ ಮಾತ್ರೆ: ಹಾಸನದ ಮೆಡಿಕಲ್‌ಗಳಿಗೆ ಐದಕ್ಕೆ ಮೂರೂವರೆ ಅಂಕ

ಮಗಳ ಬಾಣಂತನಕ್ಕೆಂದು ಹಾಸನ, ಚಿಕ್ಕಮಗಳೂರು ಕಡೆಯಿಂದ ಅಮೆರಿಕಕ್ಕೆ ಹೊರಡುವವರು ಬಿಪಿ, ಶುಗರ್ ಮಾತ್ರೆಗಳನ್ನು ಊರಿನ ಮೆಡಿಕಲ್‌ನಲ್ಲೇ ಕೊಂಡುಕೊಳ್ಳುವುದು ಸರಿಯಾದ ಕ್ರಮ. ನಮ್ಮ ಡಾಕ್ಟರ ಚೀಟಿಗೆ ಅಲ್ಲಿನ ಫಾರ್ಮಸಿಯಲ್ಲಿ ಮಾತ್ರೆ ಕೊಡುವುದಿಲ್ಲ. ಬೆಲೆ, ದಾಸ್ತಾನು ಎರಡರಲ್ಲೂ ಇಲ್ಲಿನ ಅಂಗಡಿಗಳ ಬಗ್ಗೆ ತಕರಾರಿಲ್ಲ. ನಾಲ್ಕು ದಿನ ಮೊದಲೇ ಹೇಳಿದರೆ ತರಿಸಿಯೂ ಕೊಡುತ್ತಾರೆ. ಅಂಕ ಕಡಿಮೆಯಾಗುವುದು ಕತ್ತರಿ ಮತ್ತು ಬಿಲ್ಲಿನಿಂದ.

ಅಮೆರಿಕಕ್ಕೆ ಸಾಮಾನ್ಯವಾಗಿ 90 ದಿನದಷ್ಟು ಔಷಧ ಒಯ್ಯಬಹುದು. ದಿನಕ್ಕೆರಡರಂತೆ 180 ಮಾತ್ರೆ, ಅಂದರೆ ಹದಿನೈದರ 12 ಸ್ಟ್ರಿಪ್. ಲೆಕ್ಕ ಹೀಗೆ ಇಡೀ ಸ್ಟ್ರಿಪ್ಪಿಗೆ ಹೊಂದದಿದ್ದಾಗ ಅಂಗಡಿಯವರು ಸ್ಟ್ರಿಪ್ ಕತ್ತರಿಸಿದರೆ ಬ್ಯಾಚ್ ನಂಬರ್, ಎಕ್ಸ್‌ಪೈರಿ ಇರುವ ತುದಿ ಅಂಗಡಿಯಲ್ಲೇ ಉಳಿಯುತ್ತದೆ. ಇಡೀ ಸ್ಟ್ರಿಪ್ಪನ್ನೇ ಕೇಳಿ. ಎಸ್ಟಿಮೇಟ್ ಚೀಟಿ ಬೇಡ, ಪಾಸ್‌ಪೋರ್ಟಿನಲ್ಲಿರುವ ಹೆಸರು, ಡಾಕ್ಟರ ಹೆಸರು, ಬ್ಯಾಚ್ ಎಲ್ಲ ಇರುವ ಬಿಲ್ ಬೇಕು. ಡಾಕ್ಟರಿಂದ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದ ಪತ್ರ ಪಡೆಯಿರಿ, ಅದರಲ್ಲಿ ಕಂಪನಿ ಹೆಸರಿನ ಬದಲು ಔಷಧದ ಮೂಲ ಹೆಸರೇ ಇರಲಿ. ಈ ವಿಷಯದಲ್ಲಿ ಜನೌಷಧಿ ಕೇಂದ್ರವೇ ಮುಂದೆ. ಅವರ ಸ್ಟ್ರಿಪ್ಪಿನ ಮೇಲೆ ಎದ್ದು ಕಾಣುವುದೇ ಮೂಲ ಹೆಸರು. ಆದರೂ ಪ್ಯಾರಾಸಿಟಮಾಲ್ ಅಮೆರಿಕದಲ್ಲಿ ಅಸಿಟಮಿನೋಫೆನ್, ಸಾಲ್‌ಬ್ಯುಟಮಾಲ್ ಅಲ್ಲಿ ಆಲ್‌ಬ್ಯುಟೆರಾಲ್ ಎಂಬುದನ್ನು ಬರೆದಿಟ್ಟುಕೊಳ್ಳಿ.

ಕೌಂಟರಿನಲ್ಲಿ ಯಾರೂ ಎಚ್ಚರಿಸದೆ ಬಿಡುವ ಅಪಾಯ ಇನ್ಸುಲಿನ್‌ನದು. ಇಲ್ಲಿ ಸೀಸೆಯಲ್ಲಿ ಸಿಗುವುದು ಹೆಚ್ಚಾಗಿ ಒಂದು ಎಂಎಲ್‌ಗೆ 40 ಯೂನಿಟ್‌ನದು, ಅದರ ಸಿರಿಂಜಿಗೆ ಕೆಂಪು ಮುಚ್ಚಳ. ಅಮೆರಿಕದ್ದು ಸಾಮಾನ್ಯವಾಗಿ 100 ಯೂನಿಟ್, ಸಿರಿಂಜಿಗೆ ಕಿತ್ತಳೆ ಮುಚ್ಚಳ. ಅಲ್ಲಿನ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್. ಶುಗರ್ ಕುಸಿದು ಜೀವಕ್ಕೇ ಕುತ್ತು ಬರಬಹುದು. ಇಲ್ಲಿನ ಸೀಸೆಗೆ ಅಲ್ಲಿನ ಸಿರಿಂಜ್ ಬಳಸಿದರೆ ಅದೇ ಗೆರೆಗೆ ಬರೀ 8 ಯೂನಿಟ್. ಪೆನ್ನಿನ ಕಾರ್ಟ್ರಿಜ್ ಇಲ್ಲೂ ಸಾಮಾನ್ಯವಾಗಿ 100 ಯೂನಿಟ್‌ನದೇ, ಹಾಗಾಗಿ ಹೊರಡುವ ಮೊದಲೇ ಡಾಕ್ಟರನ್ನು ಕೇಳಿ ಪೆನ್ನಿಗೆ ಬದಲಾಯಿಸಿಕೊಳ್ಳುವುದು ಕ್ಷೇಮ. ಇಲ್ಲಿನ ಸೀಸೆಯೇ ಸಾಕೆಂದರೆ ಅಷ್ಟೂ ದಿನದ ಕೆಂಪು ಮುಚ್ಚಳದ ಸಿರಿಂಜ್ ಇಲ್ಲಿಂದಲೇ ಒಯ್ಯಿರಿ.

ಬೆಂಗಳೂರಿನ ದಾರಿಯಲ್ಲಿ ಇನ್ಸುಲಿನ್ನನ್ನು ಕಾರಿನ ಡಿಕ್ಕಿಯಲ್ಲಿಡಬೇಡಿ, ಬಿಸಿಗೆ ಕೆಡುತ್ತದೆ. ಚೆಕ್-ಇನ್ ಲಗೇಜಿಗೂ ಹಾಕಬೇಡಿ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು. ಕೈಚೀಲದಲ್ಲೇ ಇರಲಿ, ಐಸ್ ಪ್ಯಾಕ್ ನೇರವಾಗಿ ತಾಗದಂತೆ ಬಟ್ಟೆ ಸುತ್ತಿ.

ಮೂರು ತಿಂಗಳಿಗಿಂತ ಹೆಚ್ಚು ಇರುವವರು ಉಳಿದ ಮಾತ್ರೆ ಪಾರ್ಸೆಲ್‌ನಲ್ಲಿ ತರಿಸಿಕೊಳ್ಳಬಹುದು. ಅದಕ್ಕೆ ವೀಸಾ, ಪಾಸ್‌ಪೋರ್ಟ್ ನಕಲು, ಡಾಕ್ಟರ ಪತ್ರ, ಚೀಟಿ ಜೊತೆಗಿರಬೇಕು. ಊರಲ್ಲಿ ಪಾರ್ಸೆಲ್ ಮಾಡುವವರ ಕೈಗೆ ಇವುಗಳ ಒಂದೊಂದು ಪ್ರತಿ ಕೊಟ್ಟೇ ವಿಮಾನ ಹತ್ತಿ.